ಸದರಿ

ಸ್ವಲ್ಪ ಇಲ್ಲೇ ಕೂತು ಇದನ್ನು ಪೂರ್ತಿ ಕೇಳಿಬಿಡಿ. ಅರ್ಧ ಕೇಳಿ ಎದ್ದು ಹೋದವರು ಕೊರಾಲಿಯನ್ನು ಮೋಸಗಾತಿ ಎನ್ನುತ್ತಾರೆ, ಮುಕ್ಕಾಲು ಕೇಳಿ ಎದ್ದವರು ಅಯ್ಯೋ ಪಾಪ ಎನ್ನುತ್ತಾರೆ. ಎರಡೂ ಅವಳಿಗೆ ಬೇಕಿಲ್ಲ. ನಡೆದದ್ದೆಲ್ಲ ಒಂದೇ ಒಂದು ಗುರುವಾರ, ಹಗಲು ಹನ್ನೊಂದರಿಂದ ಸಂಜೆ ಐದರೊಳಗೆ, ಊರಿನ ಲೈಬ್ರರಿಯ ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ. ಯಾರೂ ಸಾಯಲಿಲ್ಲ, ಯಾರೂ ಯಾರಿಗೂ ಹೊಡೆಯಲಿಲ್ಲ. ಎರಡು ಅಕ್ಷರ, ಒಂದು ಚುಕ್ಕೆ, ಅಷ್ಟೇ.

ಶಾಲೆಯ ಕ್ಯಾಂಟೀನಿನಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು. ಕೈಯಲ್ಲಿ ಇನ್ನೂ ಈರುಳ್ಳಿ ವಾಸನೆ. ಕಬ್ಬು ನುರಿಸುವ ಕಾಲ. ನದಿಯಾಚೆ ಯಾರದೋ ಗದ್ದೆಗೆ ಬೆಂಕಿ ಇಟ್ಟಿದ್ದರು, ಸುಟ್ಟ ಗರಿಯ ಕರೀ ಎಳೆಗಳು ಊರ ಮೇಲೆಲ್ಲ ಉದುರುತ್ತಿದ್ದವು. ಒಂದು ಎಳೆ ಅವಳ ಬಿಳೀ ಅಂಗಿಯ ಭುಜದ ಮೇಲೆ ಕೂತಿತ್ತು. ಊದಿದರೆ ಹಾರಿಹೋಗುತ್ತದೆ, ಒರೆಸಿದರೆ ಮಸಿಯಾಗಿ ಹತ್ತಿಕೊಳ್ಳುತ್ತದೆ. ಐವತ್ತೆರಡು ವರ್ಷ ಈ ಊರಿನಲ್ಲೇ ಬದುಕಿದವಳಿಗೆ ಇದು ಗೊತ್ತಿಲ್ಲವೇ? ಆದರೂ ಒರೆಸಿದಳು. ಮಸಿಯಾಯಿತು. ಸರಿ, ಇವತ್ತಿನ ದಿನ ಹೀಗೇ ಎಂದುಕೊಂಡು ಕೂತಳು. ಪಕ್ಕದ ಕುರ್ಚಿಯಲ್ಲಿ ಪೆಂಗೆಲಿ ಮಿಸ್ ಆಗಲೇ ಬಂದು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಪರದೆಗೆ ಮುತ್ತು ಕೊಡುವವರಂತೆ ಬಾಗಿ ಓದುತ್ತಿದ್ದರು. ನಾಲ್ಕನೇ ಕ್ಲಾಸಿನಲ್ಲಿ ಕೊರಾಲಿಗೆ ಪಾಠ ಹೇಳಿದವರು. ಈಗ ಎಂಬತ್ತರ ಹತ್ತಿರ. ಇಬ್ಬರೂ ಒಂದೇ ಕೆಲಸ ಮಾಡುವವರು, ಅಕ್ಕಪಕ್ಕ ಕೂರುವವರು. ಆದರೂ ಮಿಸ್ ತಿರುಗಿ ನೋಡಿದಾಗಲೆಲ್ಲ ಕೊರಾಲಿಯ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಕೆಲಸ ಇಷ್ಟೇ. ನೂರು ನೂರೈವತ್ತು ವರ್ಷದ ಹಿಂದಿನ ದಫ್ತರಗಳನ್ನು ದಾಖಲೆ ಕಚೇರಿಯವರು ಫೋಟೋ ತೆಗೆದು ಇಂಟರ್‌ನೆಟ್ಟಿನಲ್ಲಿ ಹರವಿದ್ದರು. ಕಬ್ಬಿನ ತೋಟಗಳಿಗೆ ದ್ವೀಪಗಳಿಂದ ಹಡಗಿನಲ್ಲಿ ತುಂಬಿ ತಂದ ಜನರ ಪಟ್ಟಿ, ಆಸ್ಪತ್ರೆ ಪಟ್ಟಿ, ಹೂಳಿದವರ ಪಟ್ಟಿ. ಎಲ್ಲ ಕೈಬರಹ. ಸಂಬಳ ಕೊಟ್ಟು ಓದಿಸಲು ಸಾಧ್ಯವಿಲ್ಲದಷ್ಟು ಪುಟಗಳು. ಹಾಗಾಗಿ ಯಾರು ಬೇಕಾದರೂ ಮನೆಯಲ್ಲೋ ಲೈಬ್ರರಿಯಲ್ಲೋ ಕೂತು ಓದಿ ಟೈಪ್ ಮಾಡಬಹುದು. ಒಂದು ಪುಟವನ್ನು ಇಬ್ಬರು ಬೇರೆ ಬೇರೆಯಾಗಿ ಓದುತ್ತಾರೆ. ಇಬ್ಬರದೂ ಒಂದೇ ಆದರೆ ಪುಟಕ್ಕೆ ಬೀಗ ಬೀಳುತ್ತದೆ, ಅದೇ ದಾಖಲೆ. ಬೇರೆ ಬೇರೆ ಬಂದರೆ ಮೂರನೆಯವರೊಬ್ಬರು ಯಾವುದಾದರೂ ಒಂದು ಕಡೆ ಸೇರಬೇಕು, ಆಮೇಲೆ ಬೀಗ. ನಿಯಮ ಒಂದೇ: ಕಂಡದ್ದನ್ನು ಟೈಪ್ ಮಾಡಿ, ಅಂದುಕೊಂಡದ್ದನ್ನಲ್ಲ. ಈ ಸಾಲನ್ನು ಕೊರಾಲಿ ಮನೆಯ ಫ್ರಿಜ್ಜಿನ ಬಾಗಿಲಿಗೂ ಅಂಟಿಸಿದ್ದಳು. ಆರು ವರ್ಷದಲ್ಲಿ ನಾಲ್ಕು ಸಾವಿರದ ಮೇಲೆ ಪುಟ. ಹತ್ತನೇ ಕ್ಲಾಸು ದಾಟದ ಕ್ಯಾಂಟೀನಿನ ಹೆಂಗಸು, ಇಡೀ ರಾಜ್ಯದ ಪಟ್ಟಿಯಲ್ಲಿ ಎರಡನೆಯವಳು. ಮೊದಲನೆಯವನು ಯಾರೋ ಹಾಸಿಗೆ ಹಿಡಿದ ರೈಲ್ವೆ ಎಂಜಿನಿಯರಂತೆ, ಅವನಿಗೆ ಬೇರೆ ಕೆಲಸವಿಲ್ಲ ಎಂದು ಅವಳು ಎಲ್ಲರಿಗೂ ಹೇಳಿಕೊಂಡಿದ್ದಳು.

ನಿಯಮಕ್ಕೆ ಒಂದೇ ವಿನಾಯಿತಿ, ಆ ವಿನಾಯಿತಿಗೆ ಕೊರಾಲಿಯೇ ರಾಣಿ. ಹಳೇ ಗುಮಾಸ್ತರು ಮೇಲಿನ ಸಾಲಿನಲ್ಲಿದ್ದದ್ದನ್ನೇ ಕೆಳಗೂ ಬರೆಯಬೇಕಾದಾಗ ‘ಡಿಟ್ಟೋ’ ಎಂದು ಹಾಕುತ್ತಿದ್ದರು. ಅದನ್ನೂ ಪೂರ್ತಿ ಬರೆಯುವಷ್ಟು ವ್ಯವಧಾನವಿಲ್ಲದೆ ಇಂಗ್ಲಿಷಿನ ಡಿ, ಓ, ಪಕ್ಕದಲ್ಲೊಂದು ಚುಕ್ಕೆ. ಅಂದರೆ ಸದರಿ. ಮೇಲಿನಂತೆ. ಹಾಗೆ ಕಂಡಲ್ಲಿ ಮಾತ್ರ ಕಂಡದ್ದನ್ನು ಟೈಪ್ ಮಾಡಬಾರದು; ಮೇಲಿನ ಸಾಲಿನ ಮಾತನ್ನು ಇಳಿಸಿ ಬರೆಯಬೇಕು. ಹೊಸಬರು ತಪ್ಪುವುದು ಇಲ್ಲೇ. ಅವರಿಗಾಗಿ ಒಂದು ಪುಟದ ಸೂಚನೆ ಬರೆದುಕೊಟ್ಟವಳು ಕೊರಾಲಿ. ಡಿಟ್ಟೋ ಬಗ್ಗೆ ಜಗಳ ಬಿದ್ದ ಪುಟಗಳೆಲ್ಲ ಈಗ ನೇರ ಅವಳ ಪಾಲಿಗೇ ಬರುತ್ತಿದ್ದವು. ಪೂರ್ತಿ ಹೆಸರು ಕೊರಾಲಿ ಡೋ. ಡಿ, ಓ. ಚುಕ್ಕೆ ಇಲ್ಲ.

ಹೇಗೆ ಕಾಣಲಿಲ್ಲ ಎಂದು ನೀವು ಕೇಳಬಹುದು. ಅವಳೂ ಮೂರು ವಾರದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದಳು, ಮೊಟ್ಟೆ ಸುಲಿಯುವಾಗ, ಟ್ರೇ ತಿಕ್ಕುವಾಗ. ದ್ವೀಪದ ಕಾಲಮ್ಮಿನಲ್ಲಿ, ಹಡಗಿನ ಕಾಲಮ್ಮಿನಲ್ಲಿ, ರೋಗದ ಕಾಲಮ್ಮಿನಲ್ಲಿ ಆ ಗುರುತನ್ನು ಸಾವಿರಾರು ಸಲ ಕಂಡಿದ್ದಳು. ಅದು ಗುರುತು, ಇದು ಹೆಸರು. ದಿನಾ ಕನ್ನಡಿಯಲ್ಲಿ ಕಾಣುವ ಮೂಗನ್ನು ಯಾರಾದರೂ ಅಳೆದು ನೋಡುತ್ತಾರೆಯೇ? ಮೂರು ವಾರದ ಹಿಂದೆ ಒಬ್ಬ ಹೊಸಬ, ಮೀನಿನ ಚಿತ್ರ ಹಾಕಿಕೊಂಡವನು, ಒಂದು ಪುಟದ ಹೆಸರಿನ ಕಾಲಮ್ಮಿನಲ್ಲಿದ್ದ ಹದಿನಾಲ್ಕು ಡಿಟ್ಟೋಗಳನ್ನೂ ‘ಡೋ’ ಎಂದು ಟೈಪ್ ಮಾಡಿದ್ದ. ಕೊರಾಲಿ ಲೈಬ್ರರಿ ಎನ್ನುವುದನ್ನೂ ಮರೆತು ಗಟ್ಟಿಯಾಗಿ ನಕ್ಕಳು. “ಮಿಸ್, ಇಲ್ನೋಡಿ ಇಲ್ನೋಡಿ! ಈ ಪೆದ್ದ ಒಂದು ಹಡಗಿನ ತುಂಬಾ ಡೋಗಳ್ನ ಇಳಿಸ್‌ಬಿಟ್ಟಿದಾನೆ!” ಎಂದಳು. ನಗು ಇನ್ನೂ ಬಾಯಲ್ಲಿತ್ತು. ಪೆಂಗೆಲಿ ಮಿಸ್ ನಗಲಿಲ್ಲ. ಪರದೆ ನೋಡಿದರು; ಆಮೇಲೆ ಅವಳ ಅಂಗಿಗೆ ಚುಚ್ಚಿದ್ದ ಲೈಬ್ರರಿಯ ಹೆಸರುಪಟ್ಟಿ ನೋಡಿದರು, ಅರೆಕ್ಷಣ; ಆಮೇಲೆ ತಮ್ಮ ಪರದೆಗೆ ತಿರುಗಿದರು. ಆ ಅರೆಕ್ಷಣದಲ್ಲಿ ಕೊರಾಲಿಗೂ ಕಂಡಿತು. ಮಿಸ್‌ಗೆ ಮೊದಲೇ ಗೊತ್ತಿತ್ತು. ಎಷ್ಟು ದಿನದಿಂದ? ಬಹುಶಃ ನಾಲ್ಕನೇ ಕ್ಲಾಸಿನಿಂದಲೇ, ಹಾಜರಿ ಕೂಗುವಾಗಿನಿಂದಲೇ. ಆ ಕ್ಲಾಸಿನಲ್ಲಿ ಹುಡುಗರು ಆ ಎರಡಕ್ಷರವನ್ನು ‘ಡೂ’ ಎಂದು ಓದಿ ಕಾಡುತ್ತಿದ್ದರು. ಡೂ ಅಂದರೆ ಮಾಡು. “ಏಯ್ ಮಾಡು, ನನ್ ಲೆಕ್ಕ ಮಾಡು! ಏಯ್ ಮಾಡು, ನೆಲ ಗುಡ್ಸು!” ಆಗ ಮಿಸ್ ಕೋಲು ಬಡಿದು, ಸುಮ್ನಿರ್ರೋ, ಅದೂ ಒಂದು ಹೆಸರೇ ಅಲ್ವೇನ್ರೋ ಎಂದಿದ್ದರು. ಅದೂ ಒಂದು ಹೆಸರೇ. ‘ಅದೂ’ ಎಂಬಲ್ಲಿನ ಆ ‘ಊ’ ನಲವತ್ತಮೂರು ವರ್ಷದ ಮೇಲೆ ಈಗ ಕಿವಿಯಲ್ಲಿ ಚುಚ್ಚಿತು.

ಆಂಬ್ರೋಸ್ ದೊಡ್ಡಪ್ಪ ಮಾತ್ರ ಆ ಹೆಸರನ್ನು ಎಂದೂ ‘ಒಂದು ಹೆಸರು’ ಎನ್ನುತ್ತಿರಲಿಲ್ಲ. ಅವನ ಬಾಯಲ್ಲಿ ಅದು ಶಂಖ ಊದಿದಂತೆ. ಅಪ್ಪನ ಅಣ್ಣ, ಎಂಬತ್ತೊಂದು ವರ್ಷ, ಮೊಣಕಾಲು ಎರಡೂ ಹೋಗಿವೆ, ಕೆಂಪು ಬಾವುಟ ಸಿಕ್ಕಿಸಿದ ಬ್ಯಾಟರಿ ಗಾಡಿಯಲ್ಲಿ ಊರೆಲ್ಲ ಓಡಾಡುತ್ತಾನೆ. “ಮಲೈತಾದಲ್ಲಿ ಡೋ ಅಂದ್ರೆ ಯಾರು ಗೊತ್ತಾ? ದೋಣಿ ಮುಂದೆ ನಿಂತು ದಾರಿ ತೋರ್ಸೋನು. ನಮ್ಮಜ್ಜ ಹ್ಯಾರಿ ಡೋ, ಅವನ ಮಗ ನಮ್ಮಪ್ಪ, ಅವನ ಮಗ ನಾನು. ದಾರಿ ತೋರ್ಸೋರು ನಾವು. ಮಿಕ್ಕವರಿಗೆಲ್ಲ ತೋಟದ ಸಾಹೇಬ ಇಟ್ಟ ಹೆಸ್ರು, ಜ್ಯಾಕು ಟಾಮಿ ಅಂತ, ನಾಯಿಗಿಟ್ಟಂಗೆ. ನಮ್ದು ಮಾತ್ರ ಅಲ್ಲಿಂದ್ಲೇ ತಂದಿದ್ದು.” ಮೂವತ್ತು ವರ್ಷದ ಹಿಂದೆ, ಅಜ್ಜ ಬಂದ ಆ ಮಲೈತಾ ದ್ವೀಪಕ್ಕೆ ಹೋಗಿಬಂದಿದ್ದ. ಸಮುದ್ರದಂಡೆಯ ಒಂದು ಹಳ್ಳಿಯಲ್ಲಿ ಒಬ್ಬ ಹಣ್ಣು ಮುದುಕ ಇವನ ಮುಖ ಹಿಡಿದುಕೊಂಡು, ಡೋ, ಡೋ, ಡೋ ಎಂದು ತಲೆಯಾಡಿಸಿ ಅತ್ತನಂತೆ. ಹಂದಿ ಕೊಯ್ದರು. ಚಿಪ್ಪಿನ ಹಾರ ಹಾಕಿದರು. ಆ ಮುದುಕ ಏನನ್ನು ನೆನೆದು ಅತ್ತನೋ! ಪರದೇಶಿಯೊಬ್ಬ ಅಷ್ಟು ದೂರದಿಂದ ಬಂದು ಒಂದು ಶಬ್ದ ಹೇಳಿ ಕಣ್ಣು ತುಂಬಿಕೊಂಡು ನಿಂತರೆ ಇಲ್ಲ ಎನ್ನುವ ಮನುಷ್ಯ ಯಾರು? ಹಾರ ಈಗಲೂ ದೊಡ್ಡಪ್ಪನ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಆರು ಸಮಾಧಿ ಕಲ್ಲುಗಳ ಮೇಲೆ ಆ ಎರಡಕ್ಷರ ಇದೆ. ಈಗ ಏಳನೆಯ ಜಾಗವೂ ಸಿದ್ಧವಾಗುತ್ತಿತ್ತು: ನದಿ ಸಮುದ್ರ ಸೇರುವಲ್ಲಿ ನಗರಸಭೆ ಮಾಡಿಸಿದ ಹೊಸ ನಡಿಗೆ ದಾರಿಗೆ ‘ಡೋ ದಾರಿ’ ಎಂದು ಹೆಸರಿಡಬೇಕೆಂದು ದೊಡ್ಡಪ್ಪ ಹನ್ನೊಂದು ವರ್ಷ ಅರ್ಜಿ ಹಾಕಿ ಗೆದ್ದಿದ್ದ. ಬರುವ ಶನಿವಾರ ಸಮಾರಂಭ. ನಗರಸಭೆಯ ಹುಡುಗಿ ಒಂದೇ ಒಂದು ಕೇಳಿದ್ದಳು: ಹಡಗಿಳಿದ ದಿನದ ಸರ್ಕಾರಿ ಪಟ್ಟಿಯಲ್ಲಿ ಆ ಹೆಸರು ಇರುವ ಪುಟ. ಗುರುವಾರ ಐದು ಗಂಟೆಯೊಳಗೆ. ಸಿಗದಿದ್ದರೆ ದಾರಿಗೆ ಸುಮ್ಮನೆ ‘ನದಿ ದಾರಿ’ ಎಂದೇ ಬೋರ್ಡು. “ನಮ್ಮ ಕೋರಿ ಇದಾಳಲ್ಲ,” ಎಂದಿದ್ದ ದೊಡ್ಡಪ್ಪ, “ಸತ್ತೋರ ಕೈಬರಹನೂ ಓದ್ತಾಳೆ, ಬದುಕಿರೋರ್ದೂ ಓದ್ತಾಳೆ.”

ಹನ್ನೊಂದೂಕಾಲಿಗೆ ಪುಟ ತೆರೆದುಕೊಂಡಿತು. ‘ಇಬ್ಬರ ಓದು ಹೊಂದುತ್ತಿಲ್ಲ, ಮೂರನೇ ಓದು ಬೇಕು.’ ಹಡಗಿನ ಹೆಸರು ನೋಡಿದೊಡನೆ ಅವಳಿಗೆ ಗೊತ್ತಾಯಿತು. ದೊಡ್ಡಪ್ಪನ ಬಳಿ ಅವನಜ್ಜ ಹ್ಯಾರಿಯ ಒಂದು ಹರಕು ಕಾಗದವಿತ್ತು, ಅದರಲ್ಲಿ ಆ ಹಡಗು, ಮಲೈತಾ, ನಂಬರ್ 214. ಮೌಸ್ ಹಿಡಿದು ಪುಟವನ್ನು ಕೆಳಗೆ ಸರಿಸಿದಳು. 213, ಹ್ಯಾರಿ. 214, ಡಿ ಓ ಚುಕ್ಕೆ. 215, ಡಿ ಓ ಚುಕ್ಕೆ. 216, ಡಿ ಓ ಚುಕ್ಕೆ. 217ಕ್ಕೆ ಜ್ಯಾಕ್. ನೋಡಿದರೆ ಗುಮಾಸ್ತನ ತೋಳೇ ಕಾಣುವಂತಿತ್ತು: ಹಡಗುಕಟ್ಟೆಯ ಮೇಜು, ಬಿಸಿಲು, ಸಾಲಾಗಿ ನಿಂತ ಹುಡುಗರು, ಕೇಳಿದರೆ ಬಾಯಿಗೆ ಹತ್ತದ ಏನೋ ಹೆಸರು ಹೇಳುತ್ತಾರೆ, ಅದನ್ನು ಬರೆಯುವುದು ಹೇಗೆ, ಊಟದ ಹೊತ್ತು ಬೇರೆ ಆಯಿತು, ಇವನು ಹ್ಯಾರಿ, ಇವನೂ ಹ್ಯಾರಿ, ಇವನೂ, ಇವನೂ. ನಾಯಿಗಿಟ್ಟಂತೆ ಎಂದಿದ್ದನಲ್ಲ ದೊಡ್ಡಪ್ಪ. ನಾಯಿಗಾದರೆ ಒಂದೊಂದಕ್ಕೂ ಬೇರೆ ಬೇರೆ ಇಡುತ್ತಾರೆ. ಆಮೇಲೆ ತೋಟದ ಪುಸ್ತಕಕ್ಕೆ ನಕಲಿಸಿದ ಇನ್ಯಾವನೋ ಚುಕ್ಕೆ ಬಿಟ್ಟ. ಜನ ಕರೆಯುವ ಹ್ಯಾರಿಯೂ ಪುಸ್ತಕದಲ್ಲಿದ್ದ ಡೋವೂ ಸೇರಿ ಮದುವೆ ದಿನ ಚರ್ಚಿನಲ್ಲಿ ಹ್ಯಾರಿ ಡೋ ಆಯಿತು. ಅಂದರೆ ಹ್ಯಾರಿ ಸದರಿ. ಅವಳು ಕೊರಾಲಿ ಸದರಿ. ಅಪ್ಪ, ಅಮ್ಮ, ಅತ್ತೆಯರು, ಸಮಾಧಿಯಲ್ಲಿ ಮಲಗಿದ ಆರು ಜನ, ಎಲ್ಲರೂ ಮೇಲಿನಂತೆ. ಮೇಲೆ ಏನಿದೆ ಎಂದು ನೋಡಿದರೆ ಅಲ್ಲೂ ಅವರ ಹೆಸರಿಲ್ಲ.

ಪರದೆಯ ಬಲಗಡೆ ಎರಡು ಓದುಗಳೂ ಕಾಣುತ್ತಿದ್ದವು. ಮೊದಲನೆಯದು ಅದೇ ಮೀನಿನ ಚಿತ್ರದವನದು: ಮೂರೂ ಸಾಲಿಗೆ ‘ಡೋ’. ಎರಡನೆಯದು: ಮೂರೂ ಸಾಲಿಗೆ ‘ಹ್ಯಾರಿ’. ಕೆಳಗೆ ಓದಿದವರ ಹೆಸರು ಜೆ. ಪೆಂಗೆಲಿ. ಕೊರಾಲಿ ಕತ್ತು ತಿರುಗಿಸಲಿಲ್ಲ. ಪಕ್ಕದಲ್ಲಿ ಕೀಲಿಮಣೆಯ ಸದ್ದು ನಿಂತಿತು.

“ಬಂತಾ ಅದು?” ಎಂದರು ಮಿಸ್, ಮೆಲ್ಲಗೆ.

“ಬಂತು.”

“ನಾನು ನಿನ್ನೆ ಸಾಯಂಕಾಲ ಓದ್ದೆ. ಆಮೇಲೆ ನಿದ್ದೇನೇ ಬರ್ಲಿಲ್ಲ ಕಣಮ್ಮಾ. ನೋಡು ಕೊರಾಲಿ, ಇದನ್ನ ಬೇರೆ ಯಾರಿಗಾದ್ರೂ ಕಳ್ಸೋಕೆ ಬರುತ್ತೆ. ಆ ರೈಲ್ವೆಯೋನಿಗೆ ಕಳ್ಸೋಣ. ನೀನೇ ಮಾಡ್ಬೇಕು ಅಂತ ಏನಿಲ್ಲ.”

“ಯಾಕೆ ಮಿಸ್? ನನಗೆ ಡಿಟ್ಟೋ ಓದಕ್ಕೆ ಬರಲ್ವಾ?”

“ಅಯ್ಯೋ, ಹಾಗಲ್ಲಮ್ಮಾ ನಾನು ಹೇಳಿದ್ದು.”

“ನೀವು ಹ್ಯಾರಿ ಅಂತ ಹಾಕಿದೀರಲ್ಲ, ಹಾಕ್ವಾಗ ಏನೂ ಅನ್ನಿಸ್ಲಿಲ್ವಾ?”

“ಅನ್ನಿಸ್ತು,” ಎಂದರು ಮಿಸ್. “ಆದ್ರೆ ಇರೋದು ಅದೇ ಅಲ್ವೇನೆ. ಡಿಟ್ಟೋ ಕಂಡ್ರೆ ಮೇಲಿಂದನ್ನ ಇಳಿಸ್ಬೇಕು ಅಂತ ನಂಗೇ ಹತ್ ಸಲ ಬೈದಿದೀಯಾ ನೀನು.” ಆಮೇಲೆ ಚೀಲದಿಂದ ಡಬ್ಬಿ ತೆಗೆದು ಅವಳ ಕಡೆ ಸರಿಸಿದರು. ಕುಂಬಳಕಾಯಿ ಸ್ಕೋನು, ಪುಟ್ಟ ಬನ್ನಿನಂಥದು, ಮಧ್ಯೆ ಬೆಣ್ಣೆ. “ತಿನ್ನು. ಬರೀ ಹೊಟ್ಟೇಲಿ ಏನೂ ತೀರ್ಮಾನ ಮಾಡ್ಬಾರ್ದು.”

ಆ ಸ್ಕೋನು ನೋಡಿ ಕೊರಾಲಿಗೆ ಬಂದ ಸಿಟ್ಟು ಅವಳಿಗೇ ಅರ್ಥವಾಗಲಿಲ್ಲ. ಮಿಸ್ ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಅವರಜ್ಜಂದಿರು ತಾಮ್ರದ ಗಣಿ ಹುಡುಕಿಕೊಂಡು ಬಂದ ಬಿಳಿಯರು. ಅವರ ಹೆಸರಿಗೆ ಹಳ್ಳಿ ಇದೆ, ಚರ್ಚಿದೆ, ಐನೂರು ವರ್ಷದ ಪುಸ್ತಕಗಳಿವೆ, ಯಾವ ಗುಮಾಸ್ತನೂ ಅವರನ್ನು ಒಂದು ಚುಕ್ಕೆಯಲ್ಲಿ ಮುಗಿಸಿಲ್ಲ. ಅಂಥವರಿಗೆ ಮೇಲಿನದನ್ನು ಇಳಿಸಿ ಬರೆಯುವುದೇನು ಮಹಾ. ಆದರೆ ಹಾಗೆ ಅಂದುಕೊಳ್ಳುತ್ತಿದ್ದಂತೆ ತನ್ನ ನಾಲ್ಕು ಸಾವಿರ ಪುಟಗಳೂ ನೆನಪಾದವು. ಎಷ್ಟು ಜನರ ಹೆಸರಿನ ಕಾಲಮ್ಮಿನಲ್ಲಿ ತಾನೇ ಚಕಚಕ ಜ್ಯಾಕ್, ಜ್ಯಾಕ್, ಜ್ಯಾಕ್ ಎಂದು ಇಳಿಸಿದ್ದಳು, ಬಾಯಲ್ಲಿ ಹಾಡು ಗುನುಗುತ್ತಾ! ಸೂಚನೆ ಬರೆದದ್ದು ಯಾರು? ‘ಡಿಟ್ಟೋ ಕಂಡರೆ ಯೋಚಿಸಬೇಡಿ, ಮೇಲೆ ನೋಡಿ, ಇಳಿಸಿ.’ ಯೋಚಿಸಬೇಡಿ ಎಂಬ ಮಾತಿನ ಕೆಳಗೆ ಗೆರೆ ಎಳೆದವಳೂ ಅವಳೇ.

ಸ್ಕೋನು ತಿಂದಳು. ಬೆಣ್ಣೆ ಚೆನ್ನಾಗಿತ್ತು, ಅದೂ ಸಿಟ್ಟು. ಹನ್ನೆರಡಾಯಿತು, ಒಂದಾಯಿತು. ಬೇರೆ ಪುಟಗಳನ್ನು ತೆರೆದು ಮುಗಿಸಿದಳು, ಮತ್ತೆ ಇಲ್ಲಿಗೇ ಬಂದಳು. ‘ಓದಲಾಗದು’ ಎಂಬ ಗುಂಡಿ ಒಂದಿತ್ತು. ಅದನ್ನು ಒತ್ತಿದರೆ ಪುಟ ಮತ್ತೆ ಮೊದಲಿನಿಂದ ಸಾಲಿಗೆ ನಿಲ್ಲುತ್ತದೆ, ವಾರಗಟ್ಟಲೆ. ಶನಿವಾರ ದಾಟುತ್ತದೆ. ಬೋರ್ಡು ನದಿ ದಾರಿ ಎಂದೇ ಬೀಳುತ್ತದೆ, ದೊಡ್ಡಪ್ಪ ಬೈಯುವುದು ದಾಖಲೆ ಕಚೇರಿಯನ್ನು, ತನ್ನನ್ನಲ್ಲ. ಹೇಡಿಗಳಿಗೆಂದೇ ಮಾಡಿಟ್ಟ ಗುಂಡಿ. ಆದರೆ ಇಷ್ಟು ದುಂಡು ದುಂಡಾಗಿ ಬರೆದದ್ದನ್ನು ಓದಲಾಗದು ಎಂದರೆ ಪಕ್ಕದಲ್ಲಿ ಕೂತವರು ಏನೆಂದುಕೊಂಡಾರು? ಓದಲಾರದವಳು ಎನಿಸಿಕೊಳ್ಳುವುದು ಅವಳಿಗೆ ಸುಳ್ಳಿ ಎನಿಸಿಕೊಳ್ಳುವುದಕ್ಕಿಂತ ಕಷ್ಟವಾಗಿತ್ತು. ಇದು ಗೊತ್ತಾದಾಗ ತನ್ನ ಮೇಲೇ ಹೇಸಿಗೆಯಾಯಿತು. 214ಕ್ಕೆ ಮಾತ್ರ ಡೋ ಎಂದು ಹಾಕಿ ಕೆಳಗಿನ ಎರಡಕ್ಕೆ ಹ್ಯಾರಿ ಹಾಕಿದರೆ? ಒಂದೇ ಕೈ, ಒಂದೇ ಶಾಯಿ, ಒಂದರ ಕೆಳಗೊಂದು ಒಂದೇ ಗುರುತು. ಒಂದು ಹೆಸರು, ಎರಡು ಗುರುತು ಎಂದರೆ ಮಗುವೂ ನಗುತ್ತದೆ. ಅದೂ ಅಲ್ಲದೆ ಯಾರ ಓದಿಗೂ ಪೂರ್ತಿ ಹೊಂದುವುದಿಲ್ಲ, ಬೀಗ ಬೀಳುವುದಿಲ್ಲ. ಹೆಸರು ಉಳಿಯಬೇಕೆಂದರೆ ಮೂವರಿಗೂ ಕೊಡಬೇಕು. 215ನ್ನು ನೋಡಿದಳು. ತೋಟ ಬೇರೆ, ಮುಂದೇನಾಯಿತೋ ಗೊತ್ತಿಲ್ಲ. 216ರ ಕೊನೆಯ ಕಾಲಮ್ಮಿನಲ್ಲಿ ಕೆಂಪು ಶಾಯಿ: ಸತ್ತ, ಆಸ್ಪತ್ರೆ, ಬಂದು ಐದು ತಿಂಗಳಿಗೆ, ವಯಸ್ಸು ಸುಮಾರು ಹದಿನೇಳು. ಇವರು ಯಾರ ಮಕ್ಕಳೋ. ಇವರಿಗೂ ಮನೆಯಲ್ಲಿ ಯಾರೋ ಯೋಚಿಸಿ, ಹಿರಿಯರನ್ನು ಕೇಳಿ ಇಟ್ಟ ಹೆಸರು ಇದ್ದೀತು. ಅದರ ಮೇಲೆ ಈಗಾಗಲೇ ಆ ಗುಮಾಸ್ತ ಕೂತಿದ್ದಾನೆ. ಅವನ ಮೇಲೆ ತಾನು ಕೂರಬೇಕು.

ಮೂರು ಗಂಟೆಗೆ ಮಿಸ್ ಶೌಚಾಲಯಕ್ಕೆಂದು ಎದ್ದು ಹೋದರು. ಬೇಕೆಂದೇ ಎದ್ದರೋ ಏನೋ, ಯಾವಾಗಲೂ ಕೈಯಲ್ಲೇ ಒಯ್ಯುವ ಚೀಲವನ್ನು ಕುರ್ಚಿಯ ಮೇಲೇ ಬಿಟ್ಟು, ತುಂಬ ನಿಧಾನವಾಗಿ. ಅವರ ಬೆನ್ನು ಕಪಾಟುಗಳ ಸಂದಿಯಲ್ಲಿ ಮರೆಯಾಗುತ್ತಲೇ ಕೊರಾಲಿ ಟೈಪ್ ಮಾಡಿದಳು. ಡಿ ಓ. ಡಿ ಓ. ಡಿ ಓ. ಚುಕ್ಕೆ ಇಲ್ಲ. ಆರು ಸಲ ಬೆರಳು ಬಿತ್ತು. ಕಳುಹಿಸು ಎಂಬ ಗುಂಡಿ. ಬೀಗದ ಚಿತ್ರ ಬಂತು, ಪುಟ್ಟದು, ಹಸಿರು. ಅದರ ಕೆಳಗೆ: ‘ಈ ಪುಟವನ್ನು ಇವತ್ತು ಸಂಜೆ ಐದರವರೆಗೆ ನೀವು ಮಾತ್ರ ಬಿಚ್ಚಬಹುದು, ಆಮೇಲೆ ಯಾರೂ ಬಿಚ್ಚಲಾಗದು. ಧನ್ಯವಾದ, ಕೊರಾಲಿ ಡೋ.’ ಏನೂ ಆಗಲಿಲ್ಲ. ಹೊರಗೆ ಕಬ್ಬಿನ ರೈಲು ಖಾಲಿ ಡಬ್ಬಿಗಳನ್ನು ಗಡಗಡಿಸಿಕೊಂಡು ಹೋಯಿತು. ಮಿಸ್ ವಾಪಸು ಬಂದರು, ಅವಳ ಪರದೆಯ ಮೂಲೆಯಲ್ಲಿದ್ದ ಹಸಿರು ನೋಡಿದರು, ಮೂರು ಸಾಲುಗಳನ್ನು ನೋಡಿದರು, ಕೂತರು. “ಹೂಂ,” ಎಂದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ನಾಲ್ಕು ತಾಸಿನಿಂದ ಎಷ್ಟೊಂದು ಉತ್ತರಗಳನ್ನು ಕೂಡಿಟ್ಟುಕೊಂಡಿದ್ದಳು.

ನಗರಸಭೆಯ ಹುಡುಗಿಗೆ ಪುಟದ ವಿಳಾಸ ಕಳುಹಿಸಿದಳು. ಐದು ನಿಮಿಷದಲ್ಲಿ ಉತ್ತರ: ಅದ್ಭುತ, ತುಂಬ ಖುಷಿಯಾಯಿತು, ಬೋರ್ಡಿನವನಿಗೆ ಹೇಳುತ್ತೇನೆ. ಆಮೇಲೆ ದೊಡ್ಡಪ್ಪನಿಗೆ ಫೋನು. ಸಿಕ್ತು ಎಂದಳು, ಅಷ್ಟೇ ಹೇಳಿ ಇಟ್ಟುಬಿಡಬೇಕೆಂದುಕೊಂಡಿದ್ದಳು.  “ಬಂದೆ ಇರು,” ಎಂದ ಅವನು.

ನಾಲ್ಕೂವರೆಗೆ ಬ್ಯಾಟರಿ ಗಾಡಿ ಲೈಬ್ರರಿಯ ಗಾಜಿನ ಬಾಗಿಲಿನಿಂದ ನೇರ ಒಳಗೇ ಬಂತು. ಕೌಂಟರಿನವಳು, “ಅಜ್ಜಾ, ಗಾಡಿ ಹೊರಗೆ ಬಿಡ್ಬೇಕು,” ಎಂದರೆ, “ಕಾಲನ್ನೂ ಹೊರಗೇ ಬಿಟ್ಟು ಬರ್ಲಾ ತಾಯಿ?” ಎಂದ. ಸ್ನಾನ ಮಾಡಿ ಶನಿವಾರಕ್ಕೆಂದು ಇಟ್ಟಿದ್ದ ಹೂವಿನ ಅಂಗಿ ಹಾಕಿಕೊಂಡು ಬಂದಿದ್ದ. ಮಿಸ್‌ಗೆ ಟೊಪ್ಪಿ ಎತ್ತಿದ. “ಏನ್ ಟೀಚರಮ್ಮಾ, ನಮ್ಮ ಹುಡುಗಿ ಸರಿಯಾಗ್ ಓದ್ತಾಳಾ?”

“ನನಗಿಂತ ಚೆನ್ನಾಗ್ ಓದ್ತಾಳೆ, ಆಂಬ್ರೋಸ್,” ಎಂದರು ಮಿಸ್, ಪರದೆಯಿಂದ ಕಣ್ಣು ತೆಗೆಯದೆ.

ಕೊರಾಲಿ ಪುಟ ತೋರಿಸಿದಳು. ದೊಡ್ಡಪ್ಪನ ಕಣ್ಣು ಮಂಜು. ಅವನಿಗೆ ಕಾಣುವಷ್ಟು ಅಕ್ಷರ ದೊಡ್ಡದು ಮಾಡಿದಳು, ಕೈಬರಹವನ್ನಲ್ಲ, ಪಕ್ಕದ ಟೈಪ್ ಮಾಡಿದ್ದನ್ನು. ಅವನು ಬೆರಳಿಟ್ಟು ಓದಿದ. ಇನ್ನೂರ ಹದಿನಾಲ್ಕು, ಡೋ. ಬೆರಳು ಅಲ್ಲೇ ನಿಲ್ಲುತ್ತದೆ ಎಂದುಕೊಂಡಿದ್ದಳು. ನಿಲ್ಲಲಿಲ್ಲ. ಇನ್ನೂರ ಹದಿನೈದು, ಡೋ. ಇನ್ನೂರ ಹದಿನಾರು, ಡೋ.

“ಕೋರಿ,” ಎಂದ. “ಮೂರು ಜನ.”

ಅವಳಿಗೆ ಇದು ಹೊಳೆದೇ ಇರಲಿಲ್ಲ. ಇಡೀ ದಿನ ಬೇರೆ ಎಲ್ಲ ಯೋಚಿಸಿದ್ದಳು, ಇದೊಂದನ್ನು ಬಿಟ್ಟು.

“ಮೂರು ಜನ ಅಣ್ತಮ್ಮಂದ್ರು ಕಣೇ! ಅಕ್ಕಪಕ್ಕದ ನಂಬರು ನೋಡು, ಕೈ ಕೈ ಹಿಡ್ಕೊಂಡು ಇಳಿದಿದಾರೆ. ಅಜ್ಜ ಒಂದ್ ದಿನಾನೂ ಬಾಯಿ ಬಿಡ್ಲಿಲ್ಲ. ನಮ್ಮಪ್ಪ ಹೇಳ್ತಿದ್ದ, ಅಜ್ಜ ಸಾಯಂಕಾಲ ಆದ್ರೆ ನದಿ ಕಡೆ ಮುಖ ಮಾಡಿ ಕೂತ್ಕೋತಿದ್ದ, ಯಾರ್ ಮಾತಾಡ್ಸಿದ್ರೂ ಮಾತಾಡ್ತಿರ್ಲಿಲ್ಲ ಅಂತ. ಈಗ ಗೊತ್ತಾಯ್ತು. ಈಗ ಗೊತ್ತಾಯ್ತು ನನಗೆ.” ಅವನ ಬೆರಳು ಕೆಂಪು ಶಾಯಿಯ ಸಾಲಿಗೆ ಬಂತು. “ಇದೇನಂತ ಬರ್ದಿದಾನೆ?”

ಅವಳು ಓದಿದಳು. ಕಂಡದ್ದನ್ನೇ ಓದಿದಳು. ಸತ್ತ, ಆಸ್ಪತ್ರೆ, ಐದು ತಿಂಗಳು, ಹದಿನೇಳು.

ದೊಡ್ಡಪ್ಪ ಅತ್ತ. ಮುದುಕರು ಸದ್ದಿಲ್ಲದೆ ಅಳುತ್ತಾರೆ ಎನ್ನುತ್ತಾರೆ. ಇವನು ಹಾಗಲ್ಲ, ಇಡೀ ಲೈಬ್ರರಿ ತಿರುಗಿ ನೋಡುವಂತೆ ಗಾಡಿಯ ಹಿಡಿಯ ಮೇಲೆ ತಲೆಯಿಟ್ಟು ಹೋ ಎಂದು ಅತ್ತ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಅಂಗಿಯ ಇಸ್ತ್ರಿ ಗೆರೆ ಇನ್ನೂ ಮುರಿದಿರಲಿಲ್ಲ. ಗೋಡೆಯ ಗಡಿಯಾರ ನಾಲ್ಕು ಐವತ್ತು. ಐದರವರೆಗೆ ಬಿಚ್ಚಬಹುದು. ಒಂದು ಒತ್ತು, ಮೂರು ಸಾಲು. ದೊಡ್ಡಪ್ಪಾ, ನಾನು ತಪ್ಪು ಓದಿದೆ ಎನ್ನಬಹುದು. ಇದು ಹೆಸರಲ್ಲ ದೊಡ್ಡಪ್ಪಾ, ಇದು ಹೀಗೆ ಹೀಗೆ ಎಂದು ಶುರುಮಾಡಬಹುದು.  ಅಷ್ಟರಲ್ಲಿ ಅವನು ತಲೆಯೆತ್ತಿ, ಅಂಗೈಯಿಂದ ಮುಖ ಒರೆಸಿಕೊಂಡು, ಜೇಬಿನಿಂದ ಫೋನು ತೆಗೆದು ಅವಳ ಕೈಗಿಟ್ಟ. “ಆ ನಗರಸಭೆ ಹುಡುಗಿಗೆ ಮಾಡು. ಬೋರ್ಡಲ್ಲಿ ಮೂರು ಜನಾನೂ ಬರ್ಬೇಕು. ಈಗ್ಲೇ.”

“ದೊಡ್ಡಪ್ಪಾ, ಈಗ ತಡ ಆಯ್ತು, ಕೆತ್ತೋಕೆ ಶುರು ಮಾಡಿರ್ತಾರೆ...”

“ಮಾಡು ಅಂದ್ನಲ್ಲ! ನೂರಾ ಮೂವತ್ತು ವರ್ಷ ಆ ಮಗು ಮಣ್ಣಲ್ಲಿ ಯಾರೂ ಕೇಳೋರಿಲ್ದೆ ಮಲಗೈತೆ, ತಡ ಆಯ್ತಂತೆ.”

ಮಾಡಿದಳು. ಬೋರ್ಡಿನ ಅಂಗಡಿಯಲ್ಲೇ ಇದ್ದ ಹುಡುಗಿ ಫೋನನ್ನು ಕೆತ್ತುವವನ ಕೈಗೇ ಕೊಟ್ಟಳು. ಹಿಂದೆ ಯಂತ್ರದ ಸದ್ದು. “ಹೇಳಮ್ಮಾ ಬೇಗ,” ಎಂದ ಅವನು, “ಐದಕ್ಕೆ ಅಂಗಡಿ ಮುಚ್ತೀನಿ. ದಾರಿ ಹೆಸರಿನ ಕೆಳಗೆ ಹ್ಯಾರಿ ಡೋ ಅಂತ ಇದೆ. ಇನ್ನೆರಡು ಸೇರಿಸ್ಬೇಕಂತೆ. ಬರೀ ಡೋ, ಡೋ ಅಂತ ಹಾಕಕ್ಕಾಗಲ್ಲ, ಚೆನ್ನಾಗಿ ಕಾಣಲ್ಲ. ಅವರ ಹೆಸರೇನು?”

ದೊಡ್ಡಪ್ಪ ಅವಳ ಬಾಯಿಯನ್ನೇ ನೋಡುತ್ತಿದ್ದ. “ಏನಂತೆ? ಹೆಸರಾ? ನೋಡು ಮಗಾ, ಅಲ್ಲೇ ಇರುತ್ತೆ ನೋಡು, ನಂಗೆ ಕಾಣಲ್ಲ.”

ಪಕ್ಕದ ಕೀಲಿಮಣೆ ನಿಂತಿತ್ತು. ಕೊರಾಲಿ ಪರದೆ ನೋಡಿದಳು. ಎರಡು ಸಾಲು, ಅದೇ ಎರಡಕ್ಷರ, ಪಕ್ಕದಲ್ಲಿ ಏನೂ ಇಲ್ಲ.

“ಹಲೋ? ಇದೀರೇನಮ್ಮಾ? ಹೇಳ್ತೀರೋ ಇಲ್ವೋ?”

“ಟಾಮಿ,” ಎಂದಳು ಕೊರಾಲಿ. “ಟಾಮಿ ಡೋ. ಇನ್ನೊಬ್ಬ...” ಕಿಟಕಿಯಾಚೆ ಬೇಕರಿಯವನ ಹೆಸರಿನ ಬೋರ್ಡು ಕಂಡಿತು. “ಇನ್ನೊಬ್ಬ ವಿಲ್ಲಿ.”

“ಟಾಮಿ, ವಿಲ್ಲಿ. ಆಯ್ತು,” ಎಂದು ಅವನು ಇಟ್ಟ.

ದೊಡ್ಡಪ್ಪ ಎರಡನ್ನೂ ಬಾಯಲ್ಲೇ ಹೇಳಿಕೊಂಡು ನೋಡುತ್ತಿದ್ದ, ಟಾಮಿ, ವಿಲ್ಲಿ, ಯಾವುದು ದೊಡ್ಡವನದು, ಯಾವುದು ಆ ಸತ್ತ ಮಗುವಿನದು ಎಂದು ಅವಳನ್ನೇ ಕೇಳಿದ. ಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷ ಇತ್ತು. ಮಿಸ್ ಚೀಲಕ್ಕೆ ಡಬ್ಬಿ ಹಾಕಿಕೊಂಡು ಎದ್ದು ನಿಂತಿದ್ದರು, ಹೋಗಿರಲಿಲ್ಲ. “ವಿಲ್ಲಿ,” ಎಂದಳು ಕೊರಾಲಿ, “ಸತ್ತವನು ವಿಲ್ಲಿ,” ಎಂದು ಕಂಪ್ಯೂಟರ್ ಆರಿಸಿದಳು. ಪೂರ್ತಿ ಕೇಳಿದಿರಲ್ಲ, ಈಗ ಹೇಳಿ: ಆ ಕುರ್ಚಿಯಲ್ಲಿ, ಆ ಮುದುಕನ ಕಣ್ಣೆದುರು, ಆ ನಾಲ್ಕು ನಿಮಿಷ ಕೈಯಲ್ಲಿಟ್ಟುಕೊಂಡು ನೀವು ಕೂತಿದ್ದರೆ ಏನು ಮಾಡುತ್ತಿದ್ದಿರಿ?